ಬಾಯಾರದ ಅಚ್ಚು

ನನ್ನ ಮೇಜಿನ ಮೇಲೆ ಪುಸ್ತಕಗಳು ಬೀಳದ ಹಾಗೆ ಎರಡೂ ಕಡೆಯಿಂದ ಒತ್ತಿ ಹಿಡಿದಿರುವುದು ಒಂದು ಲೋಟದ ಅಚ್ಚಿನ ಎರಡು ಭಾಗ. ಕಲ್ಲಿನಷ್ಟು ಗಟ್ಟಿ. ಉಗುರಿನಿಂದ ಗೀರಿದರೆ ಗುರುತೂ ಬೀಳುವುದಿಲ್ಲ. ನಾನು ಮಾಡಿದ ಅಚ್ಚುಗಳಲ್ಲೆಲ್ಲ ನೋಡುವುದಕ್ಕೆ ಚೆಂದ ಇರುವುದು ಅದೇ. ಕೆಲಸಕ್ಕೆ ಬಾರದೇ ಹೋದದ್ದೂ ಅದೇ.

ಆರು ವರ್ಷದ ಹಿಂದಿನ ಮಾತು. ಕುಂಬಾರಿಕೆಯ ಚಕ್ರದ ಮೇಲೆ ಒಂದೇ ಅಳತೆಯ ಆರು ಲೋಟ ತೆಗೆಯುವುದು ನನ್ನಿಂದ ಆಗುವ ಕೆಲಸ ಅಲ್ಲ ಅಂತ ಒಪ್ಪಿಕೊಂಡ ಮೇಲೆ ಸ್ಲಿಪ್ ಕಾಸ್ಟಿಂಗ್ ಕಡೆ ತಿರುಗಿದೆ. ತೆಳ್ಳಗೆ ಕಲಸಿದ ಜೇಡಿಮಣ್ಣನ್ನು, ಅದೇ ಸ್ಲಿಪ್, ಪ್ಲಾಸ್ಟರ್ ಅಚ್ಚಿಗೆ ಸುರಿಯುತ್ತೀರಿ. ಅಚ್ಚು ನೀರು ಹೀರುತ್ತಾ ಹೋದಂತೆ ಅದರ ಒಳಮೈಗೆ ಮಣ್ಣಿನ ಪದರ ಕಟ್ಟುತ್ತದೆ. ಬೇಕಾದಷ್ಟು ದಪ್ಪ ಬಂದ ಕೂಡಲೇ ಉಳಿದ ಸ್ಲಿಪ್ ಬಗ್ಗಿಸಿ ತೆಗೆಯುತ್ತೀರಿ. ಕೇಳುವುದಕ್ಕೆ ಇಷ್ಟೇ.

ಪ್ಲಾಸ್ಟರ್ ಆರಿಸಲು ಕೂತಾಗ ಪ್ಲಾಸ್ಟರ್ ಮಾಡುವ ಅಮೆರಿಕದ ಯುಎಸ್‌ಜಿ ಕಂಪನಿಯ ಪಟ್ಟಿ ಸಿಕ್ಕಿತು. ಒಣಗಿದ ಮೇಲೆ ಎಷ್ಟು ಒತ್ತಡ ತಡೆಯುತ್ತದೆ ಅನ್ನುವ ಕಾಲಂ ಒಂದಿತ್ತು. ನಂಬರ್ 1 ಪಾಟರಿ ಪ್ಲಾಸ್ಟರ್ ಎದುರಿಗೆ 2,400 ಪಿಎಸ್‌ಐ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡ್. ಹೈಡ್ರೋಸ್ಟೋನ್ ಎದುರಿಗೆ 10,000. ನಾಲ್ಕು ಪಟ್ಟು ಗಟ್ಟಿ ಇರುವುದನ್ನು ಬಿಟ್ಟು ಯಾರಾದರೂ ಮೆತ್ತಗಿರುವುದನ್ನು ತರುತ್ತಾರಾ? ಆ ಗಟ್ಟಿ ಜಾತಿಯದ್ದೇ ಒಂದು ಚೀಲ ತಂದೆ. ಪಕ್ಕದ ಕಾಲಂನಲ್ಲಿ 70, 32 ಅಂತ ಬೇರೆ ಅಂಕಿಗಳೂ ಇದ್ದವು. ನೋಡಿದೆ, ಮುಂದೆ ಹೋದೆ.

ಮೊದಲ ಸಲ ಸ್ಲಿಪ್ ಸುರಿದು ಇಪ್ಪತ್ತು ನಿಮಿಷ ಕಾದೆ. ಇಣುಕಿದರೆ ಅಂಚಿನಲ್ಲಿ ಕಾಗದದಷ್ಟು ಪದರ. ಒಂದು ಗಂಟೆ ಬಿಟ್ಟೆ. ಆಗಲೂ ಮೆತ್ತಮೆತ್ತಗೆ, ಜಾರುವ ಹಾಗೆ ಇತ್ತು. ಬಗ್ಗಿಸಿ, ರಾತ್ರಿಯೆಲ್ಲ ಹಾಗೇ ಇಟ್ಟು, ಬೆಳಗ್ಗೆ ಅಚ್ಚು ಬಿಡಿಸಿದರೆ ಲೋಟದ ಅರ್ಧ ಒಂದು ಭಾಗಕ್ಕೆ, ಇನ್ನರ್ಧ ಮತ್ತೊಂದಕ್ಕೆ ಅಂಟಿಕೊಂಡು ನಡುವೆ ಹರಿಯಿತು. ಸ್ಲಿಪ್‌ನದೇ ತಪ್ಪು ಅಂದುಕೊಂಡು ಮೂರು ವಾರ ಸ್ಲಿಪ್ ಬದಲಾಯಿಸುತ್ತಾ ಕೂತೆ.

ಕಾರ್ಖಾನೆಯಲ್ಲಿ ಅಚ್ಚು ಮಾಡಿ ನಿವೃತ್ತರಾದ ಹಿರಿಯರೊಬ್ಬರು ನನಗೆ ಪರಿಚಯ. ಅವರಿಗೆ ತೋರಿಸಿದೆ. ಅವರು ಸ್ಲಿಪ್ ಕಡೆ ನೋಡಲೇ ಇಲ್ಲ. ಬೆರಳನ್ನು ನೀರಿಗೆ ಅದ್ದಿ, ತಮ್ಮ ಹಳೆಯ ಅಚ್ಚೊಂದರ ಮೇಲೆ ಒಂದು ಹನಿ ಬಿಟ್ಟರು. ಹನಿ ಅಗಲವಾಗುವುದರೊಳಗೆ ಮಾಯ. ಒದ್ದೆ ಗುರುತು ಮಾತ್ರ ಉಳಿಯಿತು. ಆಮೇಲೆ ನನ್ನ ಅಚ್ಚಿನ ಮೇಲೆ ಇನ್ನೊಂದು ಹನಿ. ಅದು ಗುಂಡಗೆ ಕೂತು, ಕಿಟಕಿಯ ಬೆಳಕನ್ನು ಹಿಡಿದುಕೊಂಡು ಮಿನುಗುತ್ತಾ ಇತ್ತು. ನಾವಿಬ್ಬರೂ ಅದನ್ನೇ ನೋಡುತ್ತಾ ಕೂತೆವು.

“ಇದಕ್ಕೆ ಬಾಯಾರಿಕೆನೇ ಇಲ್ಲವಲ್ಲಮ್ಮ” ಅಂದರು.

ಅವತ್ತು ಮನೆಗೆ ಬಂದು ಆ 70 ಮತ್ತು 32 ಏನು ಅಂತ ಕೂತು ಓದಿದೆ. 100 ಗ್ರಾಂ ಪ್ಲಾಸ್ಟರ್‌ಗೆ ಎಷ್ಟು ಗ್ರಾಂ ನೀರು ಅನ್ನುವ ಲೆಕ್ಕ ಅದು.

ಪ್ಲಾಸ್ಟರ್ ಅಂದರೆ ಜಿಪ್ಸಮ್ ಕಲ್ಲನ್ನು ಸುಟ್ಟು ಅದರೊಳಗಿನ ನೀರಿನಲ್ಲಿ ಮುಕ್ಕಾಲು ಭಾಗ ಓಡಿಸಿದ ಪುಡಿ. ನಾವು ನೀರು ಸೇರಿಸಿದಾಗ ಅದು ಕಳೆದುಕೊಂಡದ್ದನ್ನು ವಾಪಸ್ ತೆಗೆದುಕೊಂಡು ಮತ್ತೆ ಕಲ್ಲಾಗುತ್ತದೆ. 1765ರಲ್ಲಿ ಲವಾಸಿಯೆ ಅನ್ನುವ ಹುಡುಗ, ಆಗಿನ್ನೂ 21 ವರ್ಷ, ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯ ಮುಂದೆ ಓದಿದ ಮೊದಲ ಪ್ರಬಂಧ ಈ ಜಿಪ್ಸಮ್ ಬಗ್ಗೆಯೇ. ಆಧುನಿಕ ರಸಾಯನ ವಿಜ್ಞಾನ ಕಟ್ಟಿದವನು ಶುರು ಮಾಡಿದ್ದು ನಮ್ಮ ಬಕೆಟ್‌ನಿಂದ ಅಂತ ನನಗೊಂದು ಸಣ್ಣ ಹೆಮ್ಮೆ.

ಮತ್ತೆ ಕಲ್ಲಾಗುವುದಕ್ಕೆ 100 ಗ್ರಾಂ ಪ್ಲಾಸ್ಟರ್‌ಗೆ ಬೇಕಾದ ನೀರು ಬರೀ 18.6 ಗ್ರಾಂ. ಅಷ್ಟೇ ಹಾಕಿದರೆ ಕಲಸಲು ಕೂಡ ಆಗುವುದಿಲ್ಲ. ಅದಕ್ಕೇ ಜಾಸ್ತಿ ಹಾಕುತ್ತೇವೆ. ಆ ಜಾಸ್ತಿ ನೀರು ಒಣಗಿ ಹೋದ ಜಾಗವೇ ಅಚ್ಚಿನ ಸಣ್ಣ ಸಣ್ಣ ತೂತುಗಳು. ಒಂದು ಕಿಲೋ ಪಾಟರಿ ಪ್ಲಾಸ್ಟರ್‌ಗೆ 700 ಗ್ರಾಂ ನೀರು ಹಾಕಿದರೆ 186 ಗ್ರಾಂ ಕಲ್ಲಿನೊಳಗೆ ಸೇರಿಕೊಳ್ಳುತ್ತದೆ, 514 ಗ್ರಾಂ ಆರಿ ಹೋಗುತ್ತದೆ. ಅಚ್ಚಿನ ಹೆಚ್ಚುಕಡಿಮೆ ಅರ್ಧ ಭಾಗ ಖಾಲಿ ಜಾಗ! ನನ್ನ ಗಟ್ಟಿ ಅಚ್ಚಿನಲ್ಲಿ ಕಿಲೋಗೆ 320 ಗ್ರಾಂ ನೀರು. ಆರಿ ಹೋಗುವುದು 134 ಗ್ರಾಂ ಮಾತ್ರ. ಮಣ್ಣಿನ ನೀರು ಹೋಗಿ ಕೂರುವುದಾದರೂ ಎಲ್ಲಿ?

ಹಾಗಾದರೆ ಗಟ್ಟಿ ಪ್ಲಾಸ್ಟರ್‌ಗೇ 70 ನೀರು ಹಾಕಿದರೆ ಆಯಿತಲ್ಲ ಅಂತ ನಿಮಗೂ ಅನ್ನಿಸಬಹುದು. ಹಾಕಿ ನೋಡಿದ್ದೇನೆ. ಪುಡಿ ತಳಕ್ಕೆ ಕೂತು ಮೇಲೆ ನೀರು ನಿಂತಿತು. ಕಾರಣ ಹರಳುಗಳ ಆಕಾರದಲ್ಲಿದೆ. ತೆರೆದ ಪಾತ್ರೆಯಲ್ಲಿ ಸುಟ್ಟ ಪ್ಲಾಸ್ಟರ್‌ನ ಹರಳು ಒರಟು, ಬಿರುಕು ಬಿರುಕು. ಇದಕ್ಕೆ ಬೀಟಾ ಅನ್ನುತ್ತಾರೆ. ಅದು ನೀರನ್ನು ಹಿಡಿದುಕೊಳ್ಳುತ್ತದೆ. ಹಬೆಯ ಒತ್ತಡದಲ್ಲಿ ಮಾಡಿದ್ದು ಆಲ್ಫಾ. ಅದರ ಹರಳು ನುಣುಪು, ದಟ್ಟ, ಕಡಿಮೆ ನೀರಿಗೇ ಹರಿಯುತ್ತದೆ. ಪಾಟರಿ ಪ್ಲಾಸ್ಟರ್ ಮುಖ್ಯವಾಗಿ ಬೀಟಾ. ಗಟ್ಟಿ ಜಾತಿಗಳೆಲ್ಲ ಆಲ್ಫಾ, ಹಲ್ಲಿನ ಡಾಕ್ಟರು ಬಳಸುವ ಡೆಂಟಲ್ ಸ್ಟೋನ್ ಕೂಡ. ಅದೂ ಒಂದು ಸಲ ತಂದಿದ್ದೆ, ಹೋಗಲಿ ಬಿಡಿ.

ಗೋಡೆಗೆ ಬಳಿಯುವ ಜಿಪ್ಸಮ್ ಪ್ಲಾಸ್ಟರ್ ಮಾತ್ರ ಬೇಡವೇ ಬೇಡ. ಬೇಗ ಗಟ್ಟಿಯಾಗಬಾರದು ಅಂತ, ಹಗುರ ಆಗಲಿ ಅಂತ ಅದಕ್ಕೆ ಏನೇನೋ ಸೇರಿಸಿರುತ್ತಾರೆ.

ಆಲ್ಫಾ ದಂಡ ಅಂತಲೂ ಅಲ್ಲ. ಅಚ್ಚಿನ ಅಚ್ಚು ಮಾಡಬೇಕಾದಾಗ, ಅಂದರೆ ಒಂದೇ ಮೂಲದಿಂದ ಹತ್ತಾರು ಅಚ್ಚು ಎರಕ ಹೊಯ್ಯಬೇಕಾದಾಗ, ನಾನು ಹಿಡಿಯುವುದು ಅದನ್ನೇ. ಅಲ್ಲಿ ಹೀರುವ ಕೆಲಸ ಇಲ್ಲ. ಅಂಚು ಸವೆಯಬಾರದು, ಅಳತೆ ಕೆಡಬಾರದು. ಗಟ್ಟಿಯಾಗುವಾಗ ಪ್ಲಾಸ್ಟರ್ ಸ್ವಲ್ಪ ಹಿಗ್ಗುತ್ತದೆ. ಪಾಟರಿ ಪ್ಲಾಸ್ಟರ್‌ನಲ್ಲಿ ಅದು ಸುಮಾರು 0.2 ಶೇಕಡ, ಅಲ್ಟ್ರಾಕಾಲ್ 30 ಅನ್ನುವ ಗಟ್ಟಿ ಜಾತಿಯಲ್ಲಿ 0.08. ಒಂದು ಲೋಟಕ್ಕೆ ಇದು ಲೆಕ್ಕಕ್ಕೇ ಬರುವುದಿಲ್ಲ. ಮುಚ್ಚಳ ಕೂರಬೇಕಾದ ಡಬ್ಬಿಗೆ, ಅದೂ ಅಚ್ಚಿನ ಮೇಲೆ ಅಚ್ಚು ತೆಗೆದಾಗ, ಬರುತ್ತದೆ.

ಸರಿಯಾದ ಚೀಲ ತಂದ ಮೇಲೂ ನಾನು ಸುಧಾರಿಸಲಿಲ್ಲ. ನೀರಿನ ಮೇಲೆ ಪುಡಿ ಉದುರಿಸುತ್ತಾ, ದ್ವೀಪದ ಹಾಗೆ ಮೇಲೆದ್ದು ಕಂಡಾಗ ನಿಲ್ಲಿಸುವುದು ಅಂತ ಒಂದು ಕಣ್ಣಳತೆ ಇದೆ. ಸುಮಾರು ಜನ ಹಾಗೇ ಮಾಡುತ್ತಾರೆ. ನಾನೂ ಮಾಡಿದೆ. ಹೂದಾನಿಯೊಂದರ ಅಚ್ಚಿನ ಮೊದಲ ಭಾಗ ಶನಿವಾರ ಹೊಯ್ದೆ, ಎರಡನೆಯದು ಭಾನುವಾರ. ಭಾನುವಾರ ನೀರು ಜಾಸ್ತಿ ಆಗಿತ್ತು ಅಂತ ಗೊತ್ತಾದದ್ದು ತಿಂಗಳ ನಂತರ, ಸುಟ್ಟು ತೆಗೆದ ಹೂದಾನಿಗಳೆಲ್ಲ ಒಂದೇ ಕಡೆಗೆ ವಾಲಿ ನಿಂತಾಗ. ಒಂದನ್ನು ಒಡೆದು ಅಳೆದೆ. ಒಂದು ಪಕ್ಕ 4 ಮಿಲಿಮೀಟರ್, ಇನ್ನೊಂದು ಪಕ್ಕ ಆರರ ಹತ್ತಿರ. ಜಾಸ್ತಿ ನೀರಿನ ಭಾಗ ಜೋರಾಗಿ ಹೀರಿ ದಪ್ಪ ಪದರ ಕಟ್ಟಿತ್ತು.

ಆಮೇಲಿಂದ ತಕ್ಕಡಿ ಇಲ್ಲದೆ ಪ್ಲಾಸ್ಟರ್ ಮುಟ್ಟಿಲ್ಲ. ಒಂದು ಲೀಟರ್ ಜಾಗ ತುಂಬಲು 930 ಗ್ರಾಂ ಪ್ಲಾಸ್ಟರ್, 650 ಗ್ರಾಂ ನೀರು. ಗೋಡೆಯ ಮೇಲೆ ಬರೆದು ಅಂಟಿಸಿದ್ದೇನೆ. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಮೂಗಿಗೆ ಮಾಸ್ಕ್ ಇರಲಿ. ಉದುರಿಸಿ ಮುಗಿದ ಮೇಲೆ ಎರಡು ಮೂರು ನಿಮಿಷ ಕೈ ಕಟ್ಟಿಕೊಂಡು ನಿಲ್ಲಬೇಕು. ಇದೇ ಕಷ್ಟ. ಪುಡಿ ತಾನೇ ನೆನೆದು, ಒಂದೊಂದೇ ಗುಳ್ಳೆ ಬಿಟ್ಟು ಮುಳುಗುತ್ತದೆ. ಆಮೇಲೆ ಕೈಯನ್ನು ತಳಕ್ಕೆ ಇಟ್ಟು, ಮೇಲೆ ಗಾಳಿ ಎಳೆಯದ ಹಾಗೆ ತಿರುಗಿಸಬೇಕು. ಮೊದಲು ಬೆರಳಿನ ಹಿಂದೆ ನೀರು ಕೂಡಲೇ ಮುಚ್ಚಿಕೊಳ್ಳುತ್ತದೆ. ಮೂರು ನಿಮಿಷದ ಹೊತ್ತಿಗೆ ಕೈ ಹೊರಗೆ ತೆಗೆದರೆ ಬಿಳಿ ಕೈಗವಸು ಹಾಕಿದ ಹಾಗೆ ಕಾಣುತ್ತದೆ, ಚರ್ಮದ ಗೆರೆ ಕಾಣುವುದಿಲ್ಲ. ಮೇಲ್ಮೈಯಲ್ಲಿ ಬೆರಳೆಳೆದ ಗೆರೆ ಒಂದು ಕ್ಷಣ ನಿಂತು ಮುಚ್ಚುತ್ತದೆ. ಅದೇ ಹದ. ಗೆರೆ ಹಾಗೇ ಉಳಿದರೆ ತಡವಾಯಿತು ಅಂತ. ಮತ್ತೆ ನೀರು ಹಾಕಿ ಬದುಕಿಸುವ ಆಸೆ ಬೇಡ.

ಬಕೆಟ್‌ನಲ್ಲಿ ಹಿಂದಿನ ಸಲದ ಒಣಗಿದ ಚೂರು ಇದ್ದರೆ ಆ ಗೆರೆ ನಿಮ್ಮನ್ನು ಕಾಯುವುದೇ ಇಲ್ಲ. ಹಳೆಯ ಚೂರು ಹೆಪ್ಪಿನ ಹಾಗೆ, ಬಿದ್ದ ಕಡೆಯಿಂದ ಹರಳು ಕಟ್ಟಲು ಶುರು. ಬಿಸಿ ನೀರು, ಉಪ್ಪು ಸೇರಿದ ನೀರು ಕೂಡ ಹಾಗೇ ಆತುರ ಮಾಡುತ್ತವೆ. ಚೀಲದ ವಯಸ್ಸೂ ನೋಡಬೇಕು. ಬಾಯಿ ಬಿಟ್ಟು ಇಟ್ಟ ಚೀಲ ಗಾಳಿಯ ತೇವ ಕುಡಿದು ಗಂಟುಗಂಟಾಗಿರುತ್ತದೆ. ಜರಡಿ ಹಿಡಿದರೆ ಗಂಟು ಹೋಗುತ್ತದೆ, ಕೆಟ್ಟ ಪ್ಲಾಸ್ಟರ್ ಒಳ್ಳೆಯದಾಗುವುದಿಲ್ಲ. ಉಳಿದದ್ದನ್ನು ಸಿಂಕ್‌ಗೆ ಮಾತ್ರ ಸುರಿಯಬೇಡಿ. ಅದು ನೀರಿನೊಳಗೂ ಗಟ್ಟಿಯಾಗುತ್ತದೆ, ಪೈಪಿನೊಳಗೂ.

ಕೊನೆಗೆ ಒಣಗಿಸುವುದು. ಒಂದು ಸಲ ಅವಸರಕ್ಕೆ ಓವನ್‌ನಲ್ಲಿ ಇಟ್ಟಿದ್ದೆ. ಹೊರಗೆ ತೆಗೆದಾಗ ಅಂಚು ಸೀಮೆಸುಣ್ಣದ ಹಾಗೆ ಬೆರಳಿಗೆ ಹತ್ತಿತು. 50 ಡಿಗ್ರಿಯ ಆಸುಪಾಸು ದಾಟಿದರೆ, ಒಣಗಿದ ಭಾಗ ಕಲ್ಲಿನೊಳಗೆ ಸೇರಿಕೊಂಡ ನೀರನ್ನೂ ಬಿಟ್ಟುಕೊಡಲು ಶುರು ಮಾಡುತ್ತದೆ. ಚೀಲದಲ್ಲಿದ್ದ ಪುಡಿಯ ಕಡೆಗೇ ವಾಪಸ್. ಆ ಪುಡಿ ಮಣ್ಣಿಗೆ ಸೇರಿದರೆ ಇನ್ನೊಂದು ತಾಪತ್ರಯ. ಸುಟ್ಟ ಪಾತ್ರೆಯಲ್ಲಿ ಅದು ವಾರಗಳ ಮೇಲೆ ತೇವ ಕುಡಿದು ಹಿಗ್ಗಿ, ಮೇಲಿನ ಗಾಜಿನಂಥ ಲೇಪ, ಅಂದರೆ ಗ್ಲೇಜ್ ಸಮೇತ ಚಕ್ಕೆ ಎಬ್ಬಿಸುತ್ತದೆ.

ಈಗ ಫ್ಯಾನ್ ಕೆಳಗೆ, ನಾಲ್ಕೂ ಕಡೆ ಗಾಳಿ ಆಡುವ ಹಾಗೆ ಕಡ್ಡಿಗಳ ಮೇಲೆ ಇಡುತ್ತೇನೆ. ಎರಡು ಭಾಗವನ್ನೂ ಸೇರಿಸಿ ಕಟ್ಟಿ, ಇಲ್ಲದಿದ್ದರೆ ಸೊಟ್ಟಗಾಗುತ್ತವೆ. ಕೆನ್ನೆಗೆ ಒತ್ತಿ ನೋಡುತ್ತೇನೆ. ತಣ್ಣಗಿದ್ದರೆ ಇನ್ನೂ ಹಸಿ. ಕೆನ್ನೆಯನ್ನು ಪೂರ್ತಿ ನಂಬುವುದಿಲ್ಲವಾದ್ದರಿಂದ ಅಚ್ಚಿನ ಬೆನ್ನ ಮೇಲೆ ಪೆನ್ಸಿಲ್‌ನಲ್ಲಿ ಒಂದು ಅಂಕಿ ಬರೆದಿರುತ್ತೇನೆ. ಹಾಕಿದ ಪ್ಲಾಸ್ಟರ್ ತೂಕವನ್ನು 1.186ರಿಂದ ಗುಣಿಸಿದರೆ ಪೂರ್ತಿ ಒಣಗಿದ ಅಚ್ಚಿನ ತೂಕ ಬರುತ್ತದೆ.

ಹೊಸ ಹೂದಾನಿಯ ಅಚ್ಚಿಗೆ ಹೋದ ವಾರ ಸರಿಯಾಗಿ ಎರಡು ಕಿಲೋ ಹಾಕಿದ್ದೆ. ಬೆನ್ನ ಮೇಲೆ 2,372 ಅಂತ ಬರೆದಿದೆ. ಇವತ್ತು ಬೆಳಗ್ಗೆ ತೂಗಿದರೆ 2,460. ಇನ್ನೂ 88 ಗ್ರಾಂ ಬಾಕಿ. ಸ್ಲಿಪ್ ಬಕೆಟ್‌ಗೆ ಮತ್ತೆ ಮುಚ್ಚಳ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ.