ಬ್ರೌಸರ್ ತೆಗೆದ ಮೇಲೂ ಉಳಿಯುವುದು
ಮಾರ್ಚ್ 9, 2025, ಭಾನುವಾರ

ನನ್ನ ಲಿನಕ್ಸ್ ಸಿಸ್ಟಂ ಉಬುಂಟುವಿನಲ್ಲಿ ಸ್ನ್ಯಾಪ್ (ಉಬುಂಟುವಿನದೇ ಪ್ಯಾಕೇಜ್ ವ್ಯವಸ್ಥೆ) ಮೂಲಕ ಬಂದಿದ್ದ ಫೈರ್‌ಫಾಕ್ಸ್ ಬ್ರೌಸರ್ ತೆಗೆದು, ಅದನ್ನು ತಯಾರಿಸುವ ಮೊಜಿಲ್ಲಾದ ಸ್ವಂತ ಡೆಬ್ (ಡೆಬಿಯನ್ ಮಾದರಿಯ) ಪ್ಯಾಕೇಜ್ ಹಾಕುವ ಕೆಲಸ ಇವತ್ತು ಮುಗಿಯಿತು. ಎಲ್ಲಾ ಟರ್ಮಿನಲ್‌ನಲ್ಲೇ, ಅಂದರೆ ಕಮಾಂಡ್ ಟೈಪ್ ಮಾಡಿಯೇ. ನಿಜ ಹೇಳಬೇಕೆಂದರೆ ಹಾಕುವುದಕ್ಕಿಂತ ತೆಗೆಯುವುದಕ್ಕೇ ಜಾಸ್ತಿ ಗಮನ ಬೇಕು.

ಆಪ್ಟ್ ಅಂದರೆ ಪ್ಯಾಕೇಜ್ ಹಾಕುವ, ತೆಗೆಯುವ ಕಮಾಂಡ್; ಮುಂದಿನ 'ಸುಡೋ' ಅದಕ್ಕೆ ಅಡ್ಮಿನ್ ಅಧಿಕಾರ ಕೊಡುತ್ತದೆ. 22.04 ಆವೃತ್ತಿಯಿಂದ ಈಚೆಗೆ ಉಬುಂಟುವಿನಲ್ಲಿ 'ಸುಡೋ ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್' ಅಂದರೆ ಬರುವುದು ಒಂದು ಪುಟ್ಟ ಪ್ಯಾಕೇಜ್ ಮಾತ್ರ. ಅದು ಸ್ನ್ಯಾಪ್‌ನಿಂದ ಬ್ರೌಸರ್ ತರಿಸಿಕೊಳ್ಳುತ್ತದೆ. 'ಆಪ್ಟ್ ಪಾಲಿಸಿ ಫೈರ್‌ಫಾಕ್ಸ್' ಕೊಟ್ಟು ನೋಡಿ, ವರ್ಷನ್ ನಂಬರ್ '1:1ಸ್ನ್ಯಾಪ್1' ಅಂತ ಶುರುವಾಗುತ್ತದೆ. ಆ ಮೊದಲಿನ '1:' ಇದೆಯಲ್ಲ, ಆಟವೆಲ್ಲ ಅದರದ್ದೇ. ಕೋಲನ್‌ಗೆ ಮುಂಚಿನ ಅಂಕಿ ದೊಡ್ಡದಿದ್ದರೆ ಆಪ್ಟ್ ಉಳಿದದ್ದನ್ನು ನೋಡುವುದೇ ಇಲ್ಲ. ಮೊಜಿಲ್ಲಾದ ವರ್ಷನ್ 136ಕ್ಕೆ ಅಂಥ ಅಂಕಿ ಇಲ್ಲ. ಹಾಗಾಗಿ ಆಪ್ಟ್ ಕಣ್ಣಿಗೆ ಉಬುಂಟುವಿನದೇ ಹೊಸದು! ಮೊಜಿಲ್ಲಾದ ರೆಪೊಸಿಟರಿ (ಪ್ಯಾಕೇಜ್ ಇಳಿಸಿಕೊಳ್ಳುವ ಜಾಗ) ಸೇರಿಸಿದರಷ್ಟೇ ಸಾಲದು, ಆಪ್ಟ್‌ನ ಪ್ರಿಫರೆನ್ಸಸ್ ಫೈಲ್‌ನಲ್ಲಿ ಅದಕ್ಕೆ 1000 ಪ್ರಯಾರಿಟಿ ಕೊಡಬೇಕು. ಅಷ್ಟು ಕೊಟ್ಟರೆ ಮಾತ್ರ ಆಪ್ಟ್ 'ಹಳೆಯ' ನಂಬರಿಗೂ ಇಳಿಯಲು ಒಪ್ಪುತ್ತದೆ. ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನಲ್ಲಿ ಈ ತಾಪತ್ರಯ ಇಲ್ಲ, 'ಫೈರ್‌ಫಾಕ್ಸ್-ಇಎಸ್ಆರ್' ಅಂದರೆ ನೇರ ಬಂದುಬಿಡುತ್ತದೆ.

ತೆಗೆಯುವ ಮುಂಚೆ ಬ್ರೌಸರ್ ಮುಚ್ಚಿ ಪ್ರೊಫೈಲ್ ಕಾಪಿ ಮಾಡಿಕೊಂಡೆ. ಬುಕ್‌ಮಾರ್ಕು, ಪಾಸ್‌ವರ್ಡು ಎಲ್ಲಾ ಅದರಲ್ಲೇ ಇರುವುದು. ಸ್ನ್ಯಾಪ್ ಅದನ್ನು ನಮ್ಮ ಹೋಮ್ ಫೋಲ್ಡರ್ (ನಮ್ಮ ಸ್ವಂತ ಫೈಲುಗಳಿರುವ ಜಾಗ) ಒಳಗಿನ ತನ್ನದೇ 'ಸ್ನ್ಯಾಪ್' ಫೋಲ್ಡರಿನಲ್ಲಿ ಇಡುತ್ತದೆ, ಡೆಬ್ ಹುಡುಕುವುದು ಚುಕ್ಕಿಯಿಂದ ಶುರುವಾಗುವ ಮೊಜಿಲ್ಲಾ ಫೋಲ್ಡರಿನಲ್ಲಿ. ಆಮೇಲೆ 'ಸುಡೋ ಸ್ನ್ಯಾಪ್ ರಿಮೂವ್ ಫೈರ್‌ಫಾಕ್ಸ್'. ಹೀಗೆ ತೆಗೆದಾಗ ಸ್ನ್ಯಾಪ್ ತಾನೇ ಡೇಟಾದ ಸ್ನ್ಯಾಪ್‌ಶಾಟ್ (ಬ್ಯಾಕಪ್ ಪ್ರತಿ) ಮಾಡಿ ಸಾಮಾನ್ಯವಾಗಿ 31 ದಿನ ಇಟ್ಟುಕೊಳ್ಳುತ್ತದೆ. 'ಪರ್ಜ್' ಸೇರಿಸಿದರೆ ಅದೂ ಇಲ್ಲ. ಗಡಿಬಿಡಿಯಲ್ಲಿ ಸುಮ್ನೆ ಪರ್ಜ್ ಒತ್ತಬಾರದು ಅನ್ನುವುದು ಇದಕ್ಕೇ.

ಆಪ್ಟ್‌ನ ಪರ್ಜ್ ಬೇರೆ ಥರ. 'ರಿಮೂವ್' ಪ್ರೋಗ್ರಾಂ ತೆಗೆದು ಸಿಸ್ಟಂ ಸೆಟ್ಟಿಂಗ್ ಫೈಲುಗಳನ್ನು ಬಿಡುತ್ತದೆ. ಹಾಗೆ ಏನಾದರೂ ಉಳಿದಿದ್ದರೆ 'ಡಿಪಿಕೆಜಿ -ಎಲ್' ಕಮಾಂಡ್ ತೋರಿಸುವ ಪ್ಯಾಕೇಜ್ ಪಟ್ಟಿಯಲ್ಲಿ ಆ ಸಾಲಿನ ಮುಂದೆ 'ಆರ್‌ಸಿ' ಅಂತ ಕಾಣುತ್ತದೆ. 'ಪರ್ಜ್' ಅವನ್ನೂ ಗುಡಿಸುತ್ತದೆ. ಆದರೆ ನಮ್ಮ ಹೋಮ್ ಫೋಲ್ಡರನ್ನು ಎರಡೂ ಮುಟ್ಟುವುದಿಲ್ಲ. ಇದು ಸರಿಯಾದ ಕ್ರಮ ಅನ್ನಿಸುತ್ತದೆ ನನಗೆ. ಒಂದೇ ಕಂಪ್ಯೂಟರನ್ನು ನಾಲ್ಕು ಜನ ಬಳಸುತ್ತಿದ್ದರೆ, ಯಾರೋ ಒಬ್ಬರು ಬ್ರೌಸರ್ ತೆಗೆದರು ಅಂತ ಉಳಿದವರ ಪಾಸ್‌ವರ್ಡುಗಳೂ ಹೋಗಬೇಕಾ? ಕಂಪ್ಯೂಟರ್ ಬೇರೆಯವರಿಗೆ ಕೊಡುವಾಗ ಮಾತ್ರ ಆ ಫೋಲ್ಡರನ್ನು ನಾವೇ ನೆನಪಿಟ್ಟು ಅಳಿಸಬೇಕು.

ಹೊಸದು ಹಾಕಿದ ಮೇಲೆ 'ಫೈರ್‌ಫಾಕ್ಸ್ -ಪಿ', ದೊಡ್ಡಕ್ಷರದ ಪಿ, ಕೊಟ್ಟು ಹಳೇ ಪ್ರೊಫೈಲ್ ಆರಿಸಿದೆ. ಬುಕ್‌ಮಾರ್ಕುಗಳೆಲ್ಲ ಇವೆ. ಕೊನೆಗೆ, ಇನ್ನು ಯಾವುದಕ್ಕೂ ಬೇಡವಾದ ಪ್ಯಾಕೇಜುಗಳನ್ನು ತೆಗೆಯುವ ಆಪ್ಟ್‌ನ 'ಆಟೋರಿಮೂವ್' ಕೊಟ್ಟೆ. ಅದು ತೋರಿಸುವ ಪಟ್ಟಿ ಓದಿದ ಮೇಲೇ 'ವೈ' ಒತ್ತಿದ್ದು.