ಹಿಂದಿನ ಗಾಲಿಯಲ್ಲಿ ಹವಾ ಕೊನೆಗೂ ನಿಂತಿತು

ಮೂರು ವಾರದಿಂದ ರಾತ್ರಿ ನನ್ನ ಸೈಕಲ್ ಗಾಲಿಗೆ 24 ಪಿಎಸ್‌ಐ ಹವಾ ತುಂಬಿಸಿ ಮಲಗಿದರೆ ಬೆಳಿಗ್ಗೆ 9. ಇವತ್ತು ಬೆಳಿಗ್ಗೆ ಗೇಜ್ ಹಚ್ಚಿದಾಗ 23.5 ತೋರಿಸಿತು. ನನಗೆ ನಂಬಿಕೆಯಾಗದೆ ಮತ್ತೊಮ್ಮೆ ಹಚ್ಚಿ ನೋಡಿದೆ.

ಟಯರ್ ಯಾವುದು ಎಂದು ಹಲವರು ಕೇಳಿದ್ದೀರಿ. ಎರಡೂ ವಿಟ್ಟೋರಿಯಾ, 29×2.25 ಇಂಚು, ಟ್ಯೂಬ್‌ಲೆಸ್: ಮುಂದೆ ಬಾರ್ಜೊ, ಹಿಂದೆ ಮೆಜ್ಕಲ್. ಬೀದರ್ ನೆಲಕ್ಕೆ ಇದೇ ಜೋಡಿ ಏಕೆಂದರೆ, ನಮ್ಮದು ಜಂಬಿಟ್ಟಿಗೆ ಕಲ್ಲಿನ ಹಾಸು. ಕೋಟೆಯ ಕಂದಕ ಕಡಿದದ್ದೂ ಇದೇ ಕಲ್ಲಿನಲ್ಲಿ. ಗಾಳಿ ಬಿಸಿಲಿಗೆ ಬಿದ್ದಷ್ಟೂ ಅದು ಗಟ್ಟಿಯಾಗುತ್ತದೆ. ಮೇಲೆ ಮಾತ್ರ ಕಡಲೆಕಾಳಿನಷ್ಟು ದಪ್ಪದ ಕೆಂಪು ಹರಳು ಉರುಳಾಡುತ್ತಿರುತ್ತವೆ. ಎತ್ತರದ ರಬ್ಬರ್ ಗುಬಟಿಗಳಿದ್ದ ಹಳೆಯ ಟಯರ್‌ಗೆ ಕಚ್ಚಲು ಮಣ್ಣೇ ಸಿಗುತ್ತಿರಲಿಲ್ಲ, ಹರಳಿನ ಮೇಲೆ ಜಾರುತ್ತಿತ್ತು, ಡಾಂಬರಿನಲ್ಲಿ ಗುಂಯ್‌ಗುಡುತ್ತಿತ್ತು. ಮೆಜ್ಕಲ್‌ನ ನಡುವಿನ ಗುಬಟಿ ಗಿಡ್ಡ, ಒತ್ತೊತ್ತು, ಸಲೀಸಾಗಿ ಉರುಳುತ್ತದೆ. ತಿರುವಿನಲ್ಲಿ ಮುಂದಿನ ಗಾಲಿ ಜಾರಿದರೆ ಸವಾರ ನೆಲಕ್ಕೇ, ಹಾಗಾಗಿ ಅಲ್ಲಿ ಬಿಡುವಾದ ಗುಬಟಿಯ ಬಾರ್ಜೊ. ಇನ್ನು ಮಾಂಜ್ರಾ ನದಿಯ ಕಡೆ ಇಳಿದು ಮಳೆ ನೆನೆದ ಎರಿ ಮಣ್ಣಿಗೆ ಸಿಕ್ಕರೆ ಯಾವ ಟಯರೂ ಒಂದೇ. ಫ್ರೇಮಿಗೂ ಗಾಲಿಗೂ ನಡುವೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ಇಲ್ಲ. ಆ ಭಾಗಕ್ಕೆ ಬೇಸಿಗೆಯಲ್ಲೇ ಹೋಗುತ್ತೇನೆ.

ಈಗ ಹವಾದ ಕಥೆ. ಮೊದಲ ಅನುಮಾನ ಸೀಲಂಟ್ ಮೇಲೆ, ಅಂದರೆ ತೂತು ಮುಚ್ಚಲೆಂದು ಟಯರಿನೊಳಗೆ ಹಾಕುವ ಬಿಳಿ ದ್ರವದ ಮೇಲೆ. ನಮ್ಮ ಬಿಸಿಲಿಗೆ ಅದು ಬೇಗ ಒಣಗಿ ರಬ್ಬರ್ ಕೆನೆಯಾಗುತ್ತದೆ, ಸರಿ ಎಂದು ಹೊಸದಾಗಿ 100 ಎಂಎಲ್ ಹಾಕಿದೆ. ಹವಾ ಇಳಿಯಿತು. ವಾಲ್ವ್ ಬದಲಿಸಿದೆ. ಇಳಿಯಿತು. ಟಯರಿನ ಪಕ್ಕೆಗೆ ಸೋಪಿನ ನೀರು ಸವರಿ ಕಾದೆ, ಒಂದು ಗುಳ್ಳೆಯೂ ಏಳಲಿಲ್ಲ. ಟಯರೇ ಕೆಟ್ಟದ್ದು ಬಂದಿದೆ ಎಂದು ಎರಡು ದಿನ ಅದನ್ನೇ ಬೈದೆ.

ಕೊನೆಗೆ ಓಣಿಯ ಪಂಕ್ಚರ್ ಅಂಗಡಿ ಚಾಚಾನ ಬಳಿ ಒಯ್ದೆ. "ಟ್ಯೂಬೇ ಇಲ್ಲದ ಗಾಲೀಗಿ ಪಂಕ್ಚರ್ ಎಲ್ಲಿ ಹುಡುಕ್ಲಿ ಸಾಹೇಬ್ರ?" ಎಂದು ನಕ್ಕರು. ಆಮೇಲೆ ಅವರೇ, "ಬರೇ ಟಯರ್ ನೋಡಬ್ಯಾಡ್ರಿ, ಪೂರಾ ಗಾಲಿ ನೀರಾಗ ಇಡ್ರಿ" ಎಂದರು. ಅವರ ತೊಟ್ಟಿಯಲ್ಲಿ ಇಟ್ಟು ನಿಧಾನ ತಿರುಗಿಸಿದೆವು. ಮೂರು ಸ್ಪೋಕಿನ ಬುಡದಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆ ಬಂದವು. ಸ್ಪೋಕಿನ ಬುಡದಲ್ಲಿ ಹವಾ ಬಂತೆಂದರೆ ತಪ್ಪು ಟಯರಿನದಲ್ಲ, ರಿಮ್ಮಿನ ಸ್ಪೋಕ್ ತೂತುಗಳನ್ನು ಒಳಗಿನಿಂದ ಮುಚ್ಚುವ ರಿಮ್ ಟೇಪಿನದು. ತೂತು ಅಲ್ಲೇ ಇರಬೇಕೆಂದೂ ಇಲ್ಲ: ರಿಮ್ ಒಳಗೆ ಟೊಳ್ಳು, ಒಂದು ಕಡೆ ನುಗ್ಗಿದ ಹವಾ ಸುತ್ತಿ ಬಂದು ಮತ್ತೊಂದು ಕಡೆ ಹೊರಬೀಳುತ್ತದೆ.

ಟಯರ್ ಬಿಚ್ಚಿದಾಗ ಟೇಪಿನ ಒಂದು ಅಂಚು ಗೇಣುದ್ದ ಎದ್ದಿತ್ತು, ಅಡಿಯಲ್ಲಿ ಸೀಲಂಟ್ ಹಾಲಿನಂತೆ ಹಸಿಯಾಗಿ ನಿಂತಿತ್ತು. ನನ್ನ ರಿಮ್ಮಿನ ಒಳಅಗಲ 25 ಮಿಮೀ. ತರಿಸಿದ್ದು 28 ಮಿಮೀ ಅಗಲದ ಟೇಪು, ಸುರುಳಿಯ ಚೀಟಿಯ ಮೇಲೂ 28. ಕ್ಯಾಲಿಪರ್ ಹಿಡಿದರೆ 23! ಕಳಿಸಿದವರಿಗೆ ಫೋಟೋ ಹಾಕಿದೆ. "ಬಳಸಿದ ಮಾಲು ವಾಪಸ್ ಇಲ್ಲ" ಎಂಬ ಉತ್ತರ ಬಂತು. ಅಂಟಿಸದೆ ಟೇಪ್ ಪರೀಕ್ಷಿಸುವುದು ಹೇಗೋ ಅವರೇ ಹೇಳಬೇಕು. ಇದೇ ಜನ ಹೋದ ಸಲ ಅಂಚಿನಲ್ಲಿ ತಂತಿಯಿಲ್ಲದ, ಮಡಚುವ ಟಯರ್ ಕೇಳಿದರೆ ಅದೇ ಹೆಸರಿನ ತಂತಿ ಅಂಚಿನ ಟಯರ್ ಕಳಿಸಿದ್ದರು.

ಹೈದರಾಬಾದಿನಿಂದ ಗೆಳೆಯ ಸರಿಯಾದ 28ರ ಟೇಪ್ ತಂದುಕೊಟ್ಟ. ರಿಮ್ಮನ್ನು ಸ್ಪಿರಿಟ್‌ನಿಂದ ಎರಡು ಸಲ ಒರೆಸಿ, ಟೇಪನ್ನು ಬಿಗಿಯಾಗಿ ಎಳೆಯುತ್ತ ಎರಡು ಸುತ್ತು ಹಾಕಿದೆ. ಈ ಸಲ ಟೇಪ್ ಕೂರಲೆಂದೇ ತಾತ್ಕಾಲಿಕವಾಗಿ ಒಳಗೆ ಟ್ಯೂಬ್ ಹಾಕಿ 40 ಪಿಎಸ್‌ಐ ತುಂಬಿಸಿ ಒಂದು ರಾತ್ರಿ ಬಿಟ್ಟೆ. ಆ ಒತ್ತಡಕ್ಕೆ ಟೇಪಿನ ಅಂಚು ರಿಮ್ಮಿನ ಮೂಲೆಗೆ ಕೂತುಬಿಡುತ್ತದೆ. ಇದೊಂದು ಹೆಜ್ಜೆ ದಯವಿಟ್ಟು ಯಾರೂ ಬಿಡಬೇಡಿ.

ಟೇಪು ಇನ್ನೂ ಅರ್ಧ ಸುರುಳಿ ಉಳಿದಿದೆ, ಕಣ್ಣು ಅಪ್ಪನ ಕರಿ ಸೈಕಲ್ ಮೇಲೆ ಬಿದ್ದಿದೆ: ಅದನ್ನೂ ಟ್ಯೂಬ್‌ಲೆಸ್ ಮಾಡಿದರೆ ಹೇಗೆ ಎಂದು. ಅದರ 28×1½ ಟಯರಿನ ರಿಮ್ಮಿನ ವ್ಯಾಸ 635 ಮಿಮೀ. ನಮ್ಮ 29ರದ್ದು 622. ಹೆಸರಲ್ಲಿ ಚಿಕ್ಕದಾದ 28ರ ರಿಮ್ಮೇ ದೊಡ್ಡದು! 622ರ ರಿಮ್ ಹಾಕಿದರೆ ಬ್ರೇಕ್ ರಬ್ಬರ್ 6.5 ಮಿಮೀ ಒಳಗೆ ಸರಿಸಬೇಕು. ರಾಡ್ ಬ್ರೇಕಿನಲ್ಲಿ ಅಷ್ಟು ಸರಿಯುತ್ತದೆಯೋ ಇಲ್ಲವೋ ಮುಂದಿನ ವಾರ ಬಿಚ್ಚಿ ನೋಡುತ್ತೇನೆ.

ಬೆಳಿಗ್ಗೆ ಹೊನ್ನಿಕೇರಿ ಕಾಡಿನ ಕಡೆ ಹೋಗಿಬಂದೆ. ಮನೆಗೆ ಬಂದು ಹಿಂದಿನ ಟಯರಿನಿಂದ ಕಿತ್ತದ್ದು ಏಳು ನೆಗ್ಗಿನಮುಳ್ಳು, ಒಂದು ಜಾಲಿ ಮುಳ್ಳು. ಜಾಲಿ ಮುಳ್ಳು ಎಳೆದಾಗ ಬಿಳಿ ಹನಿಯೊಂದು ಚಿಮ್ಮಿತು. ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ಹಿಡಿದೆ. ಹತ್ತು ಎಣಿಸುವಷ್ಟರಲ್ಲಿ ಮುಚ್ಚಿಕೊಂಡಿತು.