ರಟ್ಟಷ್ಟೇ ಬ್ಯಾರೆ

ಸೋಮವಾರ ಸಂಜೆ ಬಿಸಿಲು ಸ್ವಲ್ಪ ಇಳಿದ ಮೇಲೆ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿರುವ ಒಂದು ಹಳೆ ಪುಸ್ತಕದ ಅಂಗಡಿಗೆ ಹೋಗಿದ್ದೆ. ಮಗಳ ಏಳನೆಯ ತರಗತಿ ಮುಗಿದಿದೆ. ಎಂಟಕ್ಕೆ ಅವಳನ್ನು ಈಗಿರುವ ರಾಜ್ಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿಯೇ ಮುಂದುವರಿಸಬೇಕೋ, ಊರ ಹೊರಗಿನ ಸಿಬಿಎಸ್‌ಇ ಶಾಲೆಗೆ ಸೇರಿಸಬೇಕೋ ಎಂಬ ಚರ್ಚೆ ಮನೆಯಲ್ಲಿ ಎರಡು ತಿಂಗಳಿಂದ ನಡೆದಿದೆ. ಒಂಬತ್ತರಲ್ಲಿ ಬೋರ್ಡಿನ ನೋಂದಣಿ ಆಗಿಬಿಡುವುದರಿಂದ ಬದಲಾಯಿಸುವುದಾದರೆ ಈಗಲೇ ಬದಲಾಯಿಸಬೇಕು ಎನ್ನುತ್ತಾರೆ. ಹಣ ಕಟ್ಟುವ ಮೊದಲು ಎರಡೂ ಕಡೆಯ ಹತ್ತನೆಯ ತರಗತಿಯ ಪುಸ್ತಕಗಳನ್ನು ಒಮ್ಮೆ ಕಣ್ಣಾರೆ ನೋಡೋಣ ಎಂಬುದು ನನ್ನ ಯೋಚನೆಯಾಗಿತ್ತು.

ಅಂಗಡಿಯ ಮುದುಕರು ಎರಡು ಗಣಿತ ಪುಸ್ತಕಗಳನ್ನು ತೆಗೆದು, ಧೂಳು ಜಾಡಿಸಿ, ಗಲ್ಲಾಪೆಟ್ಟಿಗೆಯ ಮೇಲೆ ಅಕ್ಕಪಕ್ಕ ಬಿಚ್ಚಿಟ್ಟರು. ಒಂದು ನಮ್ಮ ರಾಜ್ಯದ್ದು, ಇನ್ನೊಂದು ಸಿಬಿಎಸ್‌ಇ ಶಾಲೆಗಳಲ್ಲಿ ಓದಿಸುವ, ಕೇಂದ್ರದ ಎನ್‌ಸಿಇಆರ್‌ಟಿ ಸಂಸ್ಥೆಯದು. ಸಮಾಂತರ ಶ್ರೇಢಿಯ ಪಾಠ ಎರಡರಲ್ಲೂ ಇತ್ತು; ಅದೇ ಉದಾಹರಣೆ, ಅದೇ ಲೆಕ್ಕ, ಲೆಕ್ಕದೊಳಗಿನ ಅಂಕಿಗಳೂ ಅವೇ. ತ್ರಿಭುಜದ ಪಾಠಕ್ಕೆ ಹೋದರೆ ಚಿತ್ರಗಳು ಕೂಡ ಅವೇ. ಪಾಠಗಳ ಕ್ರಮ ಮಾತ್ರ ಹಿಂದುಮುಂದಾಗಿತ್ತು. ನಾನು ಹಾಳೆ ತಿರುವುತ್ತ ನಿಂತದ್ದನ್ನು ನೋಡಿ ಅವರು, "ರಟ್ಟಷ್ಟೇ ಬ್ಯಾರೆ ಅದರಿ ಸಾಹೇಬ್ರ, ಒಳಗ ಒಂದೇ" ಎಂದರು.

ಒಂಬತ್ತು, ಹತ್ತನೆಯ ತರಗತಿಗಳ ಗಣಿತ ಮತ್ತು ವಿಜ್ಞಾನಕ್ಕೆ ಕರ್ನಾಟಕವು ಎನ್‌ಸಿಇಆರ್‌ಟಿಯ ಪುಸ್ತಕಗಳನ್ನೇ ತೆಗೆದುಕೊಂಡು ಕೆಲವು ವರ್ಷಗಳಾಗಿವೆ ಎಂದು ಎಲ್ಲೋ ಓದಿದ್ದೆ. ಆದರೆ ಓದಿ ತಿಳಿಯುವುದು ಬೇರೆ, ಎರಡು ಪುಸ್ತಕಗಳ ಮೇಲೆ ಎರಡು ಬೆರಳಿಟ್ಟು ಒಂದೇ ಸಾಲನ್ನು ಎರಡು ಸಲ ಓದುವುದು ಬೇರೆ. ಸಮಾಜ ವಿಜ್ಞಾನ ಮತ್ತು ಭಾಷೆಗಳು ಮಾತ್ರ ಬೇರೆಯಾಗಿ ಉಳಿದಿವೆ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ 125 ಅಂಕಗಳು ಪ್ರಥಮ ಭಾಷೆಗೆ ಮೀಸಲು, ಮತ್ತು ಮಗಳು ಆ ಜಾಗದಲ್ಲಿ ಕನ್ನಡವನ್ನು ಓದುತ್ತಿದ್ದಾಳೆ. ಹೊಸ ಶಾಲೆಯಲ್ಲಿ ಆ ಜಾಗ ಇಂಗ್ಲಿಷಿನದು, ಕನ್ನಡ ಅದರ ಹಿಂದೆ ನಿಲ್ಲಬೇಕು. ನಮ್ಮ ಅಜ್ಜ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತು ಕೊನೆಯವರೆಗೂ ಹೊಲದ ಲೆಕ್ಕವನ್ನು ಉರ್ದುವಿನಲ್ಲೇ ಬರೆದಿಟ್ಟರು, ಅಪ್ಪ ಕನ್ನಡದಲ್ಲಿ ಕಲಿತರು. ಇಬ್ಬರಿಗೂ ಯಾರೂ ಯಾವುದು ಬೇಕೆಂದು ಕೇಳಿರಲಿಲ್ಲ. ಈಗ ನಮ್ಮನ್ನು ಕೇಳುತ್ತಿದ್ದಾರೆ, ನಮಗೆ ಉತ್ತರ ಹೊಳೆಯುತ್ತಿಲ್ಲ.

ಸಿಬಿಎಸ್‌ಇ ಪರವಾಗಿ ಗಟ್ಟಿಯಾಗಿ ವಾದಿಸುವವನು ನನ್ನ ಹೆಂಡತಿಯ ತಮ್ಮ. ಅವನು ಬೆಂಗಳೂರಿನಲ್ಲಿದ್ದಾನೆ. ಬೆಂಗಳೂರು ಸೇರಿದವರಿಗೆ ಕಲಬುರಗಿಯ ಮಕ್ಕಳ ಬಗ್ಗೆ ಇರುವ ಕಾಳಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮರುಕವೇ ಇರುತ್ತದೆ ಎಂಬುದು ನನ್ನ ಅನುಭವ. ನೀಟ್ ಪರೀಕ್ಷೆ ಎನ್‌ಸಿಇಆರ್‌ಟಿಯ ಮೇಲೆ ನಿಂತಿದೆ ಎಂದು ಅವನು ಪ್ರತಿ ಭಾನುವಾರ ಫೋನಿನಲ್ಲಿ ನೆನಪಿಸುತ್ತಾನೆ. ನಮ್ಮ ಪಿಯು ವಿಜ್ಞಾನದ ಪುಸ್ತಕಗಳೂ ಅವೇ, ಎರಡೂ ಬೋರ್ಡಿನ ಮಕ್ಕಳು ಹತ್ತು ಮುಗಿಸಿ ಇಲ್ಲಿಯ ಅದೇ ಪಿಯು ಕಾಲೇಜುಗಳ ಅದೇ ಬೆಂಚುಗಳ ಮೇಲೆ ಬಂದು ಕೂಡುತ್ತಾರೆ, ಎಂಜಿನಿಯರಿಂಗಿಗೆ ಸಿಇಟಿಯಲ್ಲಿ ಹನ್ನೆರಡನೆಯ ತರಗತಿಯ ಅಂಕ ಅರ್ಧ, ಪರೀಕ್ಷೆಯ ಅಂಕ ಅರ್ಧ, ನಮ್ಮ ಭಾಗದವರಿಗೆ ಮೀಸಲಾತಿ ಸಿಗುವ 371 (ಜೆ) ಪ್ರಮಾಣಪತ್ರ ಕೊಡುವ ಕಚೇರಿಯಲ್ಲಿ ಯಾವ ಬೋರ್ಡ್ ಎಂದು ಯಾರೂ ಕೇಳುವುದಿಲ್ಲ ಎಂದು ನಾನೂ ಪ್ರತಿ ಭಾನುವಾರ ಹೇಳುತ್ತೇನೆ. ಇಬ್ಬರಲ್ಲಿ ಒಬ್ಬರೂ ಈವರೆಗೆ ಸೋತಿಲ್ಲ.

ಆದರೆ ಅವನ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. "ಮಾವಾ, ರಿಸಲ್ಟ್ ನೋಡ್ರಿ ನಿಮ್ಮ ಜಿಲ್ಲೇದು" ಎನ್ನುತ್ತಾನೆ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಪಕ್ಕದ ಯಾದಗಿರಿ ರಾಜ್ಯಕ್ಕೇ ಕೊನೆಯದಾಗಿತ್ತು, 2025ರಲ್ಲಿ ಆ ಸ್ಥಾನ ನಮ್ಮ ಕಲಬುರಗಿಗೆ ಬಂತು, ಅದೂ ಶೇಕಡಾ 42.43ರೊಂದಿಗೆ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಆರಂಭಿಸಿದ ಮೇಲೆ ನಿಜ ಹೊರಬಿತ್ತು ಎಂದು ಕೆಲವರು ನಗುತ್ತಾರೆ. ನಗುವಂಥದ್ದು ಅದರಲ್ಲಿ ಏನಿದೆಯೋ ನನಗೆ ತಿಳಿಯದು. ಇಂಥ ಊರಿನಲ್ಲಿ ತಂದೆತಾಯಿಗಳು ಸಾಲ ಮಾಡಿಯಾದರೂ ಮಕ್ಕಳನ್ನು ಬೇರೆ ಬೋರ್ಡಿಗೆ ದಾಟಿಸುವುದನ್ನು ಬರೀ ಪ್ರತಿಷ್ಠೆ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದರ ಹಿಂದೆ ನಿಜವಾದ ಹೆದರಿಕೆಯಿದೆ.

ಸೋಮವಾರ ರಾತ್ರಿ ಮಲಗಿದಾಗ ಮುದುಕರ ಮಾತು ಮತ್ತು ಈ ಅಂಕಿ ಒಟ್ಟಿಗೆ ನೆನಪಾದವು. ಅದೇ 2025ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12 ಪಡೆದು ಮೊದಲು ಬಂದಿತ್ತು. ಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಕ್ಯಾಮೆರಾ ಕೂಡ ಒಂದೇ. ಅಲ್ಲಿ ನೂರರಲ್ಲಿ ತೊಂಬತ್ತೊಂದು ಮಕ್ಕಳು ದಾಟಿದ ಹೊಳೆಯನ್ನು ಇಲ್ಲಿ ನಲವತ್ತೆರಡು ಮಕ್ಕಳಷ್ಟೇ ದಾಟಿದ್ದರೆ ತಪ್ಪು ಪಠ್ಯಕ್ರಮದ್ದಾಗಲು ಹೇಗೆ ಸಾಧ್ಯ? ರಟ್ಟಿನ ಒಳಗೂ ಒಂದೇ, ರಟ್ಟೂ ಒಂದೇ, ಆದರೂ ಫಲ ಬೇರೆ. ಹಾಗಿದ್ದರೆ ಬೇರೆಯಾಗಿರುವುದು ಪುಸ್ತಕವನ್ನು ಬಿಚ್ಚಿಸಿ ಹೇಳಿಕೊಡುವ ಮನುಷ್ಯ ಇದ್ದಾನೋ ಇಲ್ಲವೋ ಎಂಬುದು. ನಾವೋ ಎರಡು ತಿಂಗಳು ಕೂತು ಎರಡು ರಟ್ಟುಗಳ ಬಣ್ಣವನ್ನು ಹೋಲಿಸಿದ್ದೇವೆ.

ಅಂಗಡಿಯ ಪ್ರಸಂಗ ಅಲ್ಲಿಗೇ ಮುಗಿದಿರಲಿಲ್ಲ. ಪುಸ್ತಕಗಳ ಹಣ ಕೊಡುವಾಗ, ಇಷ್ಟು ತಿಳಿದವರು ತಮ್ಮ ಮನೆಯಲ್ಲಿ ಏನು ಮಾಡಿದ್ದಾರೆ ಎಂಬ ಕುತೂಹಲದಿಂದ, "ಕಾಕಾ, ನಿಮ್ಮ ಮೊಮ್ಮಗ ಯಾವ ಶಾಲ್ಯಾಗ ಓದ್ತಾನ್ರಿ?" ಎಂದು ಕೇಳಿದೆ.

"ಸಿಬಿಎಸ್‌ಇ ರೀ."

ನಾನು ನಕ್ಕೆ. ಅವರು ನಗಲಿಲ್ಲ. ನೋಟುಗಳನ್ನು ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕುತ್ತ, "ಮತ್ತ ಮಂದಿಗಿ ಕಾಣೂದು ರಟ್ಟೇ ಅಲ್ಲೇನ್ರಿ" ಎಂದರು.

ಅದರಲ್ಲಿ ವ್ಯಂಗ್ಯವಿತ್ತೋ, ದುಃಖವಿತ್ತೋ, ಕೇವಲ ವ್ಯಾಪಾರಿಯ ಲೆಕ್ಕವಿತ್ತೋ ಎಂದು ವಾರವೆಲ್ಲ ಯೋಚಿಸಿದ್ದೇನೆ. ಐವತ್ತು ವರ್ಷ ರಟ್ಟು ನೋಡಿಯೇ ಪುಸ್ತಕಕ್ಕೆ ಬೆಲೆ ಕಟ್ಟಿದ ಮನುಷ್ಯ ಅವರು. ಅವರನ್ನು ಕಪಟಿ ಎಂದು ನಾನು ಎಣಿಸಲಾರೆ. ಬೀಗರ ಮನೆಯ ಮದುವೆಯಲ್ಲಿ ಊಟದ ಸಾಲಿನಲ್ಲಿ ಕೂತಾಗ ಪಕ್ಕದವರು ಮೊದಲು ಕೇಳುವುದು ಮಗಳು ಯಾವ ಶಾಲೆ ಎಂದೇ. ಸ್ಟೇಟ್ ಸಿಲೆಬಸ್ ಎಂದ ಕೂಡಲೇ ಅವರು ಮಾಡುವ ಆ ಚಿಕ್ಕ "ಹೌದಾ"ವನ್ನು ನಾನೂ ಸಹಿಸಿದ್ದೇನೆ.

ಗುರುವಾರ ಬೆಳಿಗ್ಗೆ ಹೊಸ ಶಾಲೆಗೆ ಫೋನ್ ಮಾಡಿದೆ. ಹಿಂದೆ ಎರಡು ಸಲ ಹೋದಾಗ ಬಸ್ಸು, ಡಿಜಿಟಲ್ ಬೋರ್ಡು, ಈಜುಕೊಳ ಎಲ್ಲವನ್ನೂ ವಿಚಾರಿಸಿದ್ದ ನಾನು, ಎಂಟನೆಯ ತರಗತಿಗೆ ಗಣಿತ ಯಾರು ಕಲಿಸುತ್ತಾರೆ, ಅವರು ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ಮೊದಲ ಬಾರಿಗೆ ಕೇಳಿದೆ. ಆ ಕಡೆಯ ಹುಡುಗಿ ಕೊಂಚ ಹೊತ್ತು ಸುಮ್ಮನಿದ್ದು, "ಸರ್, ಫೀಸ್ ಡೀಟೇಲ್ಸ್ ವಾಟ್ಸಾಪ್ ಮಾಡ್ಲಾ?" ಎಂದಳು.

ಗೆದ್ದವನಂತೆ ಫೋನ್ ಇಟ್ಟು ಒಳಗೆ ಬಂದೆ. ಈಗಿರುವ ಶಾಲೆಯ ಹೆಚ್ಚುಗಾರಿಕೆಯನ್ನು ಹೆಂಡತಿಗೆ ತೋರಿಸಿಕೊಡಬೇಕೆಂದು, ಟಿವಿಯ ಮುಂದೆ ಕುಳಿತಿದ್ದ ಮಗಳನ್ನು ನಿಮ್ಮ ಗಣಿತದ ಸರ್ ಹೆಸರೇನು ಎಂದು ಕೇಳಿದೆ. ಏಳು ವರ್ಷ ಅದೇ ಶಾಲೆಗೆ ಕಳಿಸಿದರೂ ಆ ಹೆಸರು ನನಗೆ ಗೊತ್ತಿರಲಿಲ್ಲ ಎಂಬುದು ಕೇಳುವಾಗಲೇ ಹೊಳೆಯಿತು.

ಅವಳು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಈ ವರ್ಷ ಮೂರ್ ಮಂದಿ ಬಂದ್ ಹೋಗ್ಯಾರಪ್ಪಾ, ಯಾರ ಹೆಸರು ಹೇಳ್ಲಿ?"